ದೊಡ್ಡವರೆದುರು ಬಚ್ಚಿಡುವ ಬೀಡಿ

ಬೀಡಿ ಸಿಗರೇಟಿನ ಹೊಗೆಯ ವಿಚಾರ ಬಂದಾಗಲೆಲ್ಲ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಸೇದುವವರೂ ಸೇದದವರೂ ಒಂದೇ ಊರಿನವರು, ಒಬ್ಬರನ್ನೊಬ್ಬರು ಅರಿತು ಮರ್ಯಾದೆಯಿಂದ ನಡೆದುಕೊಂಡರೆ ಸಾಕು, ಇದಕ್ಕೆಲ್ಲ ಕಾಯ್ದೆ, ದಂಡ, ಪೊಲೀಸು ಯಾಕೆ ಎಂಬುದು ಮೊದಲನೆಯದು. ತಂಬಾಕಿನಿಂದ ಬದುಕಿದ ನಾಡು ಹೊಗೆಯನ್ನು ದೂರುವುದು ಉಂಡ ಮನೆಗೆ ಎರಡು ಬಗೆದಂತೆ ಎಂಬುದು ಎರಡನೆಯದು. ಓದಿದವರೂ ಓದದವರೂ ಇವನ್ನು ಒಪ್ಪಿಕೊಂಡಿದ್ದಾರೆ. ಎರಡೂ ತಪ್ಪು ಮಾತುಗಳು, ಮತ್ತು ಎರಡಕ್ಕೂ ಬೆಲೆ ತೆರುತ್ತಿರುವವರು ಬಾಯಿಬಿಟ್ಟು ಹೇಳಲಾಗದವರು ಎಂದು ನಾನು ನಂಬಿದ್ದೇನೆ.

ಮರ್ಯಾದೆಯ ಮಾತನ್ನೇ ಮೊದಲು ನೋಡೋಣ. ಸೇದುವ ವಿಷಯದಲ್ಲಿ ನಮ್ಮಲ್ಲಿ ಮರ್ಯಾದೆಗೆ ಕೊರತೆಯಿಲ್ಲ. ಕಟ್ಟೆಯ ಮೇಲೆ ಕೂತ ಹುಡುಗರಿಗೆ ದೂರದಲ್ಲಿ ಹಿರಿಯರೊಬ್ಬರು ಕಂಡರೆ ಸಾಕು, "ಕಾಕಾ ಬಂದ್ರು, ಆರಸೋ" ಎಂದು ಒಬ್ಬ ಪಿಸುಗುಟ್ಟುತ್ತಾನೆ, ಬೀಡಿಗಳು ಕಾಲಡಿ ಸೇರುತ್ತವೆ. ಐವತ್ತು ದಾಟಿದ ಮಗ ಎಂಬತ್ತರ ಅಪ್ಪನೆದುರು ಕಡ್ಡಿ ಗೀರುವುದಿಲ್ಲ. ಶಾಲೆ ಬಿಟ್ಟು ಎಷ್ಟು ವರ್ಷವಾಗಿದ್ದರೂ ಕಲಿಸಿದ ಮಾಸ್ತರು ಎದುರಾದರೆ ಸಿಗರೇಟು ಹಿಡಿದ ಕೈ ಬೆನ್ನ ಹಿಂದೆ ಸರಿಯುತ್ತದೆ. ಅದೇ ಮನುಷ್ಯ ಮನೆಗೆ ಹೋಗಿ, ಬಸುರಿ ಸೊಸೆ ರೊಟ್ಟಿ ಬಡಿಯುವ ಒಲೆಯ ಪಕ್ಕದಲ್ಲೇ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೀಡಿ ಹಚ್ಚುತ್ತಾನೆ. ಅಲ್ಲಿ ಅವನಿಗೆ ಅಳುಕಿಲ್ಲ.

ಈ ಮರ್ಯಾದೆ ಸಲ್ಲುವುದು ವಯಸ್ಸಿಗೆ, ಸ್ಥಾನಕ್ಕೆ, ಅಧಿಕಾರಕ್ಕೆ. ಹೊಗೆಯಿಂದ ಹೆಚ್ಚು ನರಳುವವರು ಹಸುಗೂಸು, ಬಸುರಿ, ದಮ್ಮಿನ ರೋಗಿ, ಚಹಾದಂಗಡಿಯಲ್ಲಿ ಬಸಿ ತೊಳೆಯುವ ಹುಡುಗ. ಇವರಲ್ಲಿ ಯಾರಿಗೂ ಆ ಸ್ಥಾನವಿಲ್ಲ. ಹಿರಿಯರನ್ನು ಕಂಡು ಬೀಡಿ ಆರಿಸುವವನು ಅವರ ಉಸಿರಿನ ಬಗ್ಗೆ ಚಿಂತಿಸಿರುವುದಿಲ್ಲ, ಅವರ ಕಣ್ಣಲ್ಲಿ ತನ್ನ ಹೆಸರು ಕೆಡಬಾರದು ಎಂದಷ್ಟೇ ಯೋಚಿಸಿರುತ್ತಾನೆ. ಹೀಗಾಗಿ ಹೊಗೆಯ ಪ್ರಶ್ನೆಯನ್ನು ಮರ್ಯಾದೆಗೆ ಬಿಡೋಣ ಎನ್ನುವವರು ಅದನ್ನು ನಿಜವಾಗಿ ಬಿಡುತ್ತಿರುವುದು ಊರಿನ ಮೇಲು ಕೀಳುಗಳ ಕೈಗೆ.

ತಂಬಾಕು ಈ ಸೀಮೆಗೆ ಬಂದದ್ದೂ ಪ್ರತಿಷ್ಠೆಯ ವಸ್ತುವಾಗಿಯೇ. ನಮ್ಮ ತಾಲೂಕುಗಳು ಆಗ ವಿಜಯಪುರದ ಆದಿಲ್‌ಶಾಹಿಗೆ ಸೇರಿದ್ದವು. 17ನೇ ಶತಮಾನದ ಆರಂಭದಲ್ಲಿ ಅಕ್ಬರನ ದೂತನಾಗಿ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡ. ಉತ್ತರದಲ್ಲಿ ಅಂಥದ್ದನ್ನು ಕಂಡಿರದ ಅವನು ರತ್ನಖಚಿತ ಚಿಲುಮೆ ಮಾಡಿಸಿ ಬಾದಶಹನಿಗೆ ಒಪ್ಪಿಸಿದ. ಆಸ್ಥಾನದ ಹಕೀಮ ಆಗಲೇ ಬೇಡವೆಂದ. ಅಕ್ಬರ್ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ, ಅಮೀರರು ಬಿಡಲಿಲ್ಲ. ಯಾರು ಯಾರಿಗೆ ಕೊಡಬೇಕು, ಯಾರೆದುರು ಸೇದಬಾರದು ಎಂಬ ಲೆಕ್ಕ ಅಲ್ಲಿಂದ ಇಲ್ಲಿಯವರೆಗೂ ಹುಕ್ಕದ ಜೊತೆಗೆ, ಚಿಲುಮೆಯ ಜೊತೆಗೆ, ಬೀಡಿಯ ಜೊತೆಗೆ ನಡೆದುಬಂದಿದೆ. ಪಕ್ಕದಲ್ಲಿ ಕೂತವಳು ಏನನ್ನು ಉಸಿರಾಡುತ್ತಾಳೆ ಎಂಬುದು ಆ ಲೆಕ್ಕದೊಳಗೆ ಬರಲೇ ಇಲ್ಲ.

ಮರ್ಯಾದೆಯ ನಂಬಿಕೆ ನಮ್ಮ ಕಾಯ್ದೆಯೊಳಗೂ ಹೊಕ್ಕಿತ್ತು. 1989ರ ರೈಲ್ವೆ ಕಾಯ್ದೆಯ 167ನೇ ಕಲಂ ನೋಡಿ. ಡಬ್ಬಿಯಲ್ಲಿರುವ ಬೇರೊಬ್ಬ ಪ್ರಯಾಣಿಕ ಆಕ್ಷೇಪಿಸಿದರೆ ಸೇದಬಾರದು, ಮೀರಿದರೆ 100 ರೂಪಾಯಿವರೆಗೆ ದಂಡ ಎಂದು ಅದು ಹೇಳುತ್ತದೆ. ಬೇಕಿದ್ದರೆ ಪೂರ್ತಿ ನಿಷೇಧಿಸುವ ಅಧಿಕಾರವನ್ನು ರೈಲ್ವೆ ಆಡಳಿತಕ್ಕೂ ಕೊಟ್ಟಿದೆ, ನಿಜ. ಆದರೆ ಮೂಲ ಕಲ್ಪನೆ ಯಾವುದು? ಸೇದುವುದು ಸಹಜ, ಬೇಡವೆನ್ನುವವರು ಬಾಯಿ ಬಿಡಬೇಕು. ಮಿರಜದಿಂದ ಶೇಡಬಾಳ, ಉಗಾರ, ಕುಡಚಿ, ರಾಯಬಾಗ ದಾಟಿ ಬೆಳಗಾವಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ರಾತ್ರಿ ಹೊತ್ತು ಕೂಸು ಎತ್ತಿಕೊಂಡು ಒಬ್ಬಳೇ ಕೂತ ಹೆಣ್ಣುಮಗಳು ನಾಲ್ವರು ಗಂಡಸರಿಗೆ "ಬೀಡಿ ಆರಸ್ರಿ" ಎನ್ನಬಲ್ಲಳೆ? ಆಕೆ ಸೆರಗಿನಿಂದ ಕೂಸಿನ ಮುಖ ಮುಚ್ಚಿ ಕಿಟಕಿಯತ್ತ ತಿರುಗುತ್ತಾಳೆ. ಆಗ ಅದೇ ಆಕೆಯ ಒಪ್ಪಿಗೆ ಎಂದು ಎಣಿಕೆಯಾಗುತ್ತದೆ.

ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಕೊಟ್ಟ ಆದೇಶ ಈ ಕಲ್ಪನೆಯನ್ನೇ ತಿರುಗಿಸಿತು. ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸರ್ಕಾರಿ ಕಚೇರಿ, ಬಸ್ಸು, ರೈಲುಗಳಲ್ಲಿ ಸೇದುವಂತಿಲ್ಲ ಎಂದ ಕೋರ್ಟು, ಸೇದದವನ ಉಸಿರನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ತಂದಿತು. 2003ರ ತಂಬಾಕು ನಿಯಂತ್ರಣ ಕಾಯ್ದೆ ಅದನ್ನು ಶಾಸನವಾಗಿಸಿತು. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಚಿತ್ರಮಂದಿರ, ಕ್ಯಾಂಟೀನು, ಕೆಲಸದ ಜಾಗಗಳನ್ನೆಲ್ಲ ಒಳಗೊಂಡವು. ಈ ನಿಯಮಗಳಲ್ಲಿ ದಂಡದ ಮೊತ್ತವೇ ಮುಖ್ಯವೆಂದು ಎಲ್ಲರೂ ತಿಳಿಯುತ್ತಾರೆ. ನನಗೆ ಮುಖ್ಯವೆನಿಸುವುದು ಇನ್ನೊಂದು. ಜಾಗದ ಮಾಲೀಕ ಅಥವಾ ಅಧಿಕಾರಿ ಬಾಗಿಲಲ್ಲಿ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಫಲಕ ಹಾಕಬೇಕು, ದೂರು ಯಾರಿಗೆ ಹೇಳಬೇಕೆಂದು ಹೆಸರು ಬರೆಯಬೇಕು, ಬೂದಿಬಟ್ಟಲು, ಕಡ್ಡಿಪೆಟ್ಟಿಗೆ ಒದಗಿಸಬಾರದು. ದೂರು ಬಂದ ಮೇಲೂ ಸುಮ್ಮನಿದ್ದರೆ ದಂಡ ಅವನ ತಲೆಗೇ ಬರುತ್ತದೆ. ಹೇಳುವ ಭಾರ ಕೂಸೆತ್ತಿದ ತಾಯಿಯ ಹೆಗಲಿಂದ ಇಳಿದು, ಸಂಬಳ ಪಡೆಯುವವನ ಇಲ್ಲವೇ ಲಾಭ ಮಾಡುವವನ ಹೆಗಲಿಗೆ ಹೋಗುತ್ತದೆ. ಮರ್ಯಾದೆಯೊಂದೇ ಈ ಕೆಲಸವನ್ನು ಎಂದೂ ಮಾಡಲಾರದು.

ನಿಯಮ ಬಂದರೆ ಊರಲ್ಲಿ ಮನಸ್ತಾಪ ಹೆಚ್ಚುತ್ತದೆ, ಚಟ ತಡೆಯಲಾಗದ ಬಡಪಾಯಿಗೆ ಹಿಂಸೆಯಾಗುತ್ತದೆ ಎನ್ನುವವರಿದ್ದಾರೆ. ಅಥಣಿಯ ಗಚ್ಚಿನಮಠದಲ್ಲಿ ಯಾರೂ ಬೀಡಿ ಹಚ್ಚುವುದಿಲ್ಲ. ಶೇಡಬಾಳದ ಬಸದಿಯಲ್ಲಿ, ಚಿಂಚಲಿ ಮಾಯಕ್ಕನ ಗರ್ಭಗುಡಿಯ ಮುಂದೆ ಹಚ್ಚುವುದಿಲ್ಲ. ಮುನಿಗಳ ಪ್ರವಚನ ಎರಡು ತಾಸು ನಡೆದರೂ ದಿನಕ್ಕೊಂದು ಕಟ್ಟು ಸೇದುವವನು ತೆಪ್ಪಗೆ ಕೂತಿರುತ್ತಾನೆ, ಮುಗಿದ ಮೇಲೆ ಹೊರಗೆ ಹೋಗಿ ಸೇದುತ್ತಾನೆ. ಅಲ್ಲಿ ಅವನಿಗೆ ಅವಮಾನವೂ ಇಲ್ಲ, ಯಾರೊಡನೆ ಜಗಳವೂ ಇಲ್ಲ, ಏಕೆಂದರೆ ಅಲ್ಲಿಯ ನಿಯಮ ಗೌಡನಿಗೂ ಕೂಲಿಯವನಿಗೂ ಒಂದೇ. ಜಗಳ ಹುಟ್ಟುವುದು ಒಬ್ಬ ಇನ್ನೊಬ್ಬನನ್ನು ಬೇಡಿಕೊಳ್ಳಬೇಕಾದ ಕಡೆ. ಎಲ್ಲರಿಗೂ ಗೊತ್ತಿರುವ ನಿಯಮವಿದ್ದ ಕಡೆ ಬೇಡುವ ಪ್ರಸಂಗವೇ ಬರುವುದಿಲ್ಲ.

ಇನ್ನು ಎರಡನೆಯ ಮಾತು. ತಂಬಾಕು ನಮ್ಮ ಅನ್ನ ಎನ್ನುವಾಗ ನಿಪ್ಪಾಣಿಯ ಹೆಸರನ್ನು ಮುಂದೆ ಮಾಡುತ್ತಾರೆ. ನಿಪ್ಪಾಣಿಯ ಬೀಡಿ ತಂಬಾಕಿಗೆ ದೇಶದಲ್ಲೇ ಹೆಸರಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದಕ್ಕೆಂದೇ ಅಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತದೆ. ಆದರೆ ಐದೂ ತಾಲೂಕನ್ನು ತಂಬಾಕಿನ ನಾಡೆಂದು ಕರೆಯುವುದು ಇಂದು ಸರಿಯಾಗದು. ಕೃಷ್ಣಾ, ದೂಧಗಂಗಾ, ವೇದಗಂಗಾ ನೀರು ಸಿಕ್ಕಲ್ಲೆಲ್ಲ ಕಬ್ಬು ನಿಂತಿದೆ. ಅಥಣಿ, ಕಾಗವಾಡ, ರಾಯಬಾಗದ ರೈತ ಎದುರು ನೋಡುವುದು ಸಕ್ಕರೆ ಕಾರ್ಖಾನೆಯ ಬಿಲ್ಲನ್ನು.

ತಂಬಾಕು ಬೆಳೆಯುವ ರೈತನಿಗೂ ಅನ್ಯಾಯ ಬಂದದ್ದು ಎಲ್ಲಿಂದ ಎಂಬುದನ್ನು ಚರಿತ್ರೆಯೇ ಹೇಳುತ್ತದೆ. 1981ರಲ್ಲಿ ಶರದ್ ಜೋಶಿ ಅವರ ನಾಯಕತ್ವದಲ್ಲಿ ಸಾವಿರಾರು ತಂಬಾಕು ರೈತರು ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿ ತಡೆದು ಕೂತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಅವರು ಕೇಳಿದ್ದು ದರ. ಎಲೆಗೆ ಬೆಲೆ ಕಟ್ಟುವ ಅಧಿಕಾರವೆಲ್ಲ ವ್ಯಾಪಾರಿಯ ಕೈಯಲ್ಲಿತ್ತು. ಮೈಸೂರು ಕಡೆಯ ವರ್ಜೀನಿಯಾ ತಂಬಾಕಿಗೆ 1975ರ ಕಾಯ್ದೆಯಂತೆ ಬಂದ ತಂಬಾಕು ಮಂಡಳಿಯ ಆಸರೆಯಿದೆ, ಹರಾಜುಕಟ್ಟೆಯಿದೆ. ಬೀಡಿ ತಂಬಾಕಿಗೆ ಅದಿಲ್ಲ. ಅಥಣಿ ಬಸ್ಸಿನಲ್ಲಿ ಯಾರೋ ಒಬ್ಬ ಬೀಡಿ ಜೇಬಿಗೆ ಹಾಕಿಕೊಂಡು ಇಳಿಯುವ ತನಕ ಕಾದರೆ ನಿಪ್ಪಾಣಿಯ ರೈತನಿಗೆ ಒಂದು ಪೈಸೆಯೂ ನಷ್ಟವಾಗುವುದಿಲ್ಲ. ರೈತನ ಕಷ್ಟವನ್ನು ಸೇದುವವನ ರಕ್ಷಣೆಗೆ ಗುರಾಣಿ ಮಾಡುವುದು ಆ ರೈತನಿಗೇ ಮಾಡುವ ಅಗೌರವ.

ಅದೇ 1981ರ ಜನವರಿಯಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಜಪಾನಿನ ತಕೇಶಿ ಹಿರಾಯಾಮ ಅವರ ಅಧ್ಯಯನ ಪ್ರಕಟವಾಗಿತ್ತು. ತಾವು ಸೇದದ, ನಲವತ್ತು ದಾಟಿದ 91,540 ಹೆಂಡಂದಿರನ್ನು ಅವರು 14 ವರ್ಷ ಗಮನಿಸಿದ್ದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು. ಸಿಗರೇಟು ಕಂಪನಿಗಳು ವರ್ಷಗಟ್ಟಲೆ ಅಲ್ಲಗಳೆದವು. ಮುಂದೆ ಬಂದ ಅಧ್ಯಯನಗಳು ಹಿರಾಯಾಮ ಅವರ ಮಾತನ್ನೇ ಗಟ್ಟಿ ಮಾಡಿದವು. ಬೇರೆಯವರ ಹೊಗೆಯಿಂದ ಪ್ರತಿವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಸೇದದ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ.

ನಿಪ್ಪಾಣಿಯಲ್ಲಿ ಸೇದದೆಯೂ ತಂಬಾಕನ್ನು ಉಸಿರಾಡಿದವರು ಮನೆಯ ಹೆಂಡತಿಯರು ಮಾತ್ರವಲ್ಲ. ವಖಾರಿಗಳಲ್ಲಿ ಒಣ ಎಲೆ ಬಡಿದು, ಜರಡಿ ಹಿಡಿದು, ಬೇರೆ ಬೇರೆ ದರ್ಜೆಯ ಪುಡಿ ಕಲಸುತ್ತ ಬದುಕು ಸವೆಸಿದ ಹೆಂಗಸರು ಅವರಿಗಿಂತ ಮೊದಲು ನೆನಪಾಗಬೇಕು. ಸೆರಗನ್ನೇ ಮೂಗಿಗೆ ಕಟ್ಟಿಕೊಂಡು, ಘಾಟಿಗೆ ಕಣ್ಣು ಉರಿಯುತ್ತ, ಕೆಮ್ಮುತ್ತ ದುಡಿದವರು ಅವರು. ಆ ಹೆಂಗಸರು ಸಂಘ ಕಟ್ಟಿ ಹೋರಾಡಿದ ಕತೆಯನ್ನು ದೀಪಾ ಧನರಾಜ್ ಮತ್ತು ಯುಗಾಂತರ ತಂಡ 1982ರಲ್ಲೇ ಸಾಕ್ಷ್ಯಚಿತ್ರವಾಗಿ ದಾಖಲಿಸಿದೆ. ಕೆಲಸದ ಜಾಗದ ಧೂಳನ್ನು ಕಾರ್ಮಿಕರು ಉಸಿರಾಡದಂತೆ ಏರ್ಪಾಟು ಮಾಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ತಂಬಾಕಿನ ಋಣದ ಬಗ್ಗೆ ಮಾತಾಡುವವರು ಈ ಹೆಂಗಸರ ಋಣವನ್ನು ಮೊದಲು ತೀರಿಸಲಿ. ಘಾಟು ಎಂದರೇನು ಎಂದು ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಊರು, ಬೇರೆಯವರ ಮೂಗಿಗೆ ಅದನ್ನು ಬಿಡಬಾರದು ಎಂದು ಹೇಳುವುದರಲ್ಲೂ ಮುಂದಿರಬೇಕು.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಒಂದಿದೆ. ಕರ್ನಾಟಕದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡವನ್ನು 1,000 ರೂಪಾಯಿಗೆ ಏರಿಸಿತು, ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಒಯ್ದಿತು. ಕಬ್ಬು ಕಡಿಯುವ ಕೂಲಿಯವನಿಗೆ ಸಾವಿರ ರೂಪಾಯಿ ಎಂದರೆ ದಿನಗಳ ದುಡಿಮೆ. ನಿಲ್ದಾಣದ ಮೂಲೆಯಲ್ಲಿ ಬೀಡಿ ಸೇದಿದ ಅವನನ್ನು ಹಿಡಿದು, ಕಚೇರಿಯ ಕೋಣೆಯಲ್ಲಿ ಸಿಗರೇಟು ಸೇದುವ ಸಾಹೇಬರನ್ನು ಬಿಟ್ಟರೆ ನಿಯಮವೂ ಮರ್ಯಾದೆಯ ಹಾದಿಯನ್ನೇ ಹಿಡಿದಂತಾಯಿತು. ಈ ಭಯ ನ್ಯಾಯವಾದದ್ದು. ಅದಕ್ಕೆ ಉತ್ತರ ನಿಯಮವನ್ನು ಕೈಬಿಡುವುದರಲ್ಲಿಲ್ಲ, ಅದನ್ನು ಮೇಲಿನಿಂದ ಜಾರಿಮಾಡುವುದರಲ್ಲಿದೆ. ಮೊದಲು ಕೇಳಬೇಕಾದದ್ದು ಫಲಕ ಹಾಕದ ಮಾಲೀಕನನ್ನು, ದೂರು ಕೇಳಿಯೂ ಸುಮ್ಮನಿದ್ದ ಅಧಿಕಾರಿಯನ್ನು. ಸೇದುವವನಿಗೆ ಜಾಗವೂ ಬೇಕು. ಹೊಲದ ಬದು, ನಿಲ್ದಾಣದ ಆವರಣದಾಚೆಯ ಬಯಲು ಅವನಿಗಿದ್ದೇ ಇವೆ. ಎಲ್ಲಿ ಸೇದಬಹುದು ಎಂಬುದನ್ನೂ ಸ್ಪಷ್ಟವಾಗಿ ತೋರಿಸಿದರೆ ಅವನು ಕಳ್ಳನಂತೆ ಗೋಡೆಯ ಹಿಂದೆ ನಿಲ್ಲಬೇಕಿಲ್ಲ. ಚಟಕ್ಕೆ ಸಿಕ್ಕವನೂ ನಮ್ಮವನೇ. ಬಿಡಬೇಕೆಂದು ಬಂದರೆ ತಾಲೂಕು ಆಸ್ಪತ್ರೆಯಲ್ಲಿ ಅವನಿಗೆ ನೆರವು ಸಿಗಬೇಕು, ಬೈಗುಳವಲ್ಲ.

ಕಾಯ್ದೆ ಮನೆಯೊಳಗೆ ಕಾಲಿಡುವುದಿಲ್ಲ ಎಂಬುದೂ ನಿಜ. 2009–10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ. 52.3ರಷ್ಟು ಜನ ಮನೆಯಲ್ಲೇ ಬೇರೆಯವರ ಹೊಗೆಗೆ ಒಡ್ಡಿಕೊಂಡಿದ್ದರು. 2016–17ರ ಹೊತ್ತಿಗೆ ಅದು ಶೇ. 38.7ಕ್ಕೆ ಇಳಿಯಿತು. ಆಗಲೂ ಸಾರ್ವಜನಿಕ ಸ್ಥಳಗಳ ಪ್ರಮಾಣ ಶೇ. 25.7 ಮಾತ್ರ. ಕಾಯ್ದೆಯೊಂದರಿಂದಲೇ ಇದಾಯಿತು ಎಂದು ಯಾರೂ ಹೇಳಲಾರರು. ಆದರೂ ನಿಯಮವಿದ್ದ ಜಾಗಕ್ಕಿಂತ ಬರೀ ಮರ್ಯಾದೆಯ ಆಸರೆಯಿರುವ ಮನೆಯಲ್ಲೇ ಹೊಗೆ ಹೆಚ್ಚಿರುವುದು ಕಣ್ಣಿಗೆ ಹೊಡೆಯುವಂತಿದೆ. ಬಸ್ಸಿನಲ್ಲಿ, ಕಚೇರಿಯಲ್ಲಿ ಸೇದದಿರುವುದನ್ನು ಕಲಿತವನು ಮನೆಯಲ್ಲೂ ಅಂಗಳಕ್ಕೆ ಎದ್ದುಹೋಗುವುದನ್ನು ಕಲಿಯಬಲ್ಲ ಎಂಬ ಭರವಸೆಯನ್ನೂ ಈ ಇಳಿಕೆ ಕೊಡುತ್ತದೆ. ನಿಜವಾದ ಸೌಜನ್ಯ ನಿಯಮದ ಬೆನ್ನ ಹಿಂದೆ ಬರುತ್ತದೆ. ನಿಯಮದ ಜಾಗದಲ್ಲಿ ಅದನ್ನು ಕೂರಿಸಲಾಗದು.

ಆದ್ದರಿಂದ ನನ್ನ ಬೇಡಿಕೆ ಸರಳವಾಗಿದೆ. ಈ ಐದೂ ತಾಲೂಕಿನ ಬಸ್ ನಿಲ್ದಾಣ, ತಹಸೀಲ್ದಾರ ಕಚೇರಿ, ಖಾನಾವಳಿ, ವಖಾರಿಗಳ ಬಾಗಿಲಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಫಲಕವಿರಲಿ, ಅದರ ಮೇಲೆ ಹೊಣೆ ಹೊತ್ತವರ ಹೆಸರು ಮತ್ತು ಫೋನ್ ನಂಬರಿರಲಿ. ಮೊದಲ ವರ್ಷದ ದಂಡವೆಲ್ಲ ಹೆಸರಿಲ್ಲದ ಫಲಕಕ್ಕೆ, ಸುಮ್ಮನಿದ್ದ ಅಧಿಕಾರಿಗೆ ಬೀಳಲಿ. ವಖಾರಿಯ ಗಾಳಿಯನ್ನು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿ ಫಲಿತಾಂಶವನ್ನು ಅಲ್ಲಿ ದುಡಿಯುವ ಹೆಂಗಸರಿಗೆ ಓದಿ ಹೇಳಲಿ. ಇನ್ನು ಸೇದುವ ಗೆಳೆಯರಿಗೆ ಒಂದು ಮಾತು: ಅಪ್ಪನಿಗೆ, ಮಾಸ್ತರಿಗೆ, ಸ್ವಾಮಿಗಳಿಗೆ ಕೊಡುತ್ತಿರುವ ಮರ್ಯಾದೆಯನ್ನು ಕಡಿಮೆ ಮಾಡಬೇಡಿ. ಅದನ್ನೇ ಮನೆಯ ಸೊಸೆಗೆ, ತೊಡೆಯ ಮೇಲಿನ ಮೊಮ್ಮಗನಿಗೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಣ್ಣುಮಗಳಿಗೆ ಅವರು ಕೇಳುವ ಮುಂಚೆಯೇ ಕೊಡಿ.