ಸ್ವಾತಂತ್ರ್ಯ ದೇವಿಯ ಪ್ರತಿಮೆ

ನ್ಯೂಯಾರ್ಕ್ ಬಂದರಿನಲ್ಲಿರುವ ಸ್ವಾತಂತ್ರ್ಯ ದೇವಿಯ ಪ್ರತಿಮೆ ಎರಕ ಹೊಯ್ದದ್ದಲ್ಲ. ಸುಮಾರು 2.4 ಮಿಲಿಮೀಟರ್ ದಪ್ಪದ ತಾಮ್ರದ ತಗಡುಗಳನ್ನು ಮರದ ಅಚ್ಚುಗಳಿಗೆ ಒತ್ತಿ, ಸುತ್ತಿಗೆಯಿಂದ ಬಡಿದು ಪ್ಯಾರಿಸ್‌ನ ಕಾರ್ಯಾಗಾರದಲ್ಲಿ ರೂಪಿಸಿದ್ದು. ಶಿಲ್ಪಿ ಫ್ರೆಡರಿಕ್ ಬಾರ್ತೋಲ್ಡಿ. ಒಳಗಿನ ಕಬ್ಬಿಣದ ಹಂದರ ಗುಸ್ತಾವ್ ಐಫೆಲ್ ಅವರದು. ತಗಡನ್ನು ಹಂದರಕ್ಕೆ ಬಿಗಿಯಾಗಿ ಕಟ್ಟಿಹಾಕದೆ, ಬಾಗಬಲ್ಲ ಪಟ್ಟಿಗಳ ಮೇಲೆ ಕೂರಿಸಿದ್ದೇ ಅದರ ಜಾಣ್ಮೆ. ಬಿಸಿಲಿಗೆ ತಾಮ್ರ ಹಿಗ್ಗಿದರೂ ಗಾಳಿಗೆ ಮೈ ತುಸು ಓಲಾಡಿದರೂ ಬಿರುಕು ಬೀಳುವುದಿಲ್ಲ. ಈಗಿನ ಹಸಿರು ಬಣ್ಣ ತಾಮ್ರದ ಕಿಲುಬು. ಒಳಗಿನ ಲೋಹಕ್ಕೆ ಅದೇ ರಕ್ಷೆ.

ಪೀಠವೂ ಸೇರಿ ಎತ್ತರ ಸುಮಾರು 93 ಮೀಟರ್. ಎಲ್ಲರ ಕಣ್ಣು ದೀವಟಿಗೆಯತ್ತ ಹೋಗುತ್ತದೆ, ಆದರೆ ಹೆಚ್ಚು ಅರ್ಥವಿರುವುದು ಪಾದದ ಬಳಿ. ಅಲ್ಲಿ ಮುರಿದ ಸರಪಳಿ ಇದೆ. ಇಂಥದೊಂದು ಸ್ಮಾರಕದ ವಿಚಾರ ಮುಂದಿಟ್ಟ ಫ್ರೆಂಚ್ ಚಿಂತಕ ಎದುವಾರ್ ಲಾಬುಲೆ ಗುಲಾಮಗಿರಿಯ ಕಡು ವಿರೋಧಿ. ಅಮೆರಿಕ ಅದನ್ನು ರದ್ದುಗೊಳಿಸಿದ್ದು 1865ರಲ್ಲಿ. ದುರದೃಷ್ಟಕ್ಕೆ ಸರಪಳಿಯ ಬಹುಭಾಗ ನಿಲುವಂಗಿಯ ಅಂಚಿನಲ್ಲಿ ಮರೆಯಾಗಿದೆ, ಕೆಳಗೆ ನಿಂತವರಿಗೆ ಸರಿಯಾಗಿ ಕಾಣದು.

ಪೀಠಕ್ಕೆ ಹಣ ಸಾಲದಾದಾಗ ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯ ಮೂಲಕ ಚಂದಾ ಎತ್ತಿದರು. 1,20,000ಕ್ಕೂ ಹೆಚ್ಚು ಮಂದಿ ಕೊಟ್ಟರು, ಬಹುತೇಕರದು ಒಂದು ಡಾಲರಿಗೂ ಕಡಿಮೆ. ಬಡವರ ಚಿಲ್ಲರೆ ಕಾಸಿನಿಂದ ಎದ್ದ ಈ ಪೀಠವೇ ಸ್ಮಾರಕದ ಅತ್ಯಂತ ಪ್ರಜಾಸತ್ತಾತ್ಮಕ ಭಾಗವೆನ್ನಬೇಕು.

1886ರ ಅಕ್ಟೋಬರ್ 28ರ ಉದ್ಘಾಟನೆಗೆ ಬೆರಳೆಣಿಕೆಯ ಮಹಿಳೆಯರಿಗಷ್ಟೇ ಪ್ರತಿಮೆಯಿರುವ ದ್ವೀಪದಲ್ಲಿ ಜಾಗವಿತ್ತು. ಹೆಣ್ಣಿನ ರೂಪದ ಸ್ವಾತಂತ್ರ್ಯಕ್ಕೆ ಗಂಡಸರ ಸಭೆ! ಮತದಾನದ ಹಕ್ಕು ಕೇಳುತ್ತಿದ್ದ ಮಹಿಳೆಯರು ದೋಣಿಯೇರಿ ಬಂದು ಪ್ರತಿಭಟಿಸಿದರು. ಲಿಂಗದ ಆಧಾರದಲ್ಲಿ ಮತದಾನ ನಿರಾಕರಿಸುವುದನ್ನು ಅಮೆರಿಕದ ಸಂವಿಧಾನ ನಿಷೇಧಿಸಿದ್ದು 1920ರಲ್ಲಿ. ಸ್ವಾತಂತ್ರ್ಯದ ಬಾಗಿಲು ಮುಚ್ಚಿದ್ದು ಮಹಿಳೆಯರಿಗಷ್ಟೇ ಅಲ್ಲ: ಚೀನೀ ಕಾರ್ಮಿಕರ ವಲಸೆಯನ್ನು ತಡೆದ 1882ರ ಕಾನೂನೂ ಉದ್ಘಾಟನೆಯ ಹೊತ್ತಿಗೆ ಜಾರಿಯಲ್ಲಿತ್ತು. ಅದು ರದ್ದಾದದ್ದು 1943ರಲ್ಲಿ.