ರಕ್ತಸಾಕ್ಷ್ಯ ಮತ್ತು ಸುಳ್ಳುಸಾಕ್ಷ್ಯ

ಟಿಪ್ಪುವಿನ ಕಾಲದಲ್ಲಿ ಕೆನರಾದ ಕ್ರೈಸ್ತರು ಅನುಭವಿಸಿದ ಸೆರೆವಾಸದ ಬಗೆಗಿನ ಬರಹಗಳಿಗೆ ಕೊರತೆಯಿಲ್ಲ. 2015ರಲ್ಲಿ ರಾಜ್ಯ ಸರ್ಕಾರವು ಟಿಪ್ಪು ಜಯಂತಿಯನ್ನು ಆರಂಭಿಸಿದಾಗಲೂ 2019ರಲ್ಲಿ ಅದನ್ನು ಕೈಬಿಟ್ಟಾಗಲೂ ಈ ವಿಷಯ ಪರ-ವಿರೋಧಗಳ ಸರಕಾಯಿತು. ಇಂತಹ ಬರಹಗಳನ್ನು ಓದಿ ನಾವು ದಣಿದಿದ್ದೇವೆ. ಸತ್ತವರ ವಿಷಯದಲ್ಲಿ ನಮಗೆ ಉದಾಸೀನವಿಲ್ಲದಿರುವುದೇ ಈ ದಣಿವಿಗೆ ಕಾರಣ.

ಮೂಲ ಸಂಗತಿಯಲ್ಲಿ ಸಂದೇಹವಿಲ್ಲ. 1784ರ ವಿಭೂತಿ ಬುಧವಾರದಂದು ಆರಂಭವಾಯಿತೆಂದು ಸಮುದಾಯವು ಸ್ಮರಿಸುವ ಆ ಬಂಧನದಲ್ಲಿ ಸಾವಿರಾರು ಕುಟುಂಬಗಳನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಇಗರ್ಜಿಗಳು ನೆಲಸಮವಾದವು, ಆಸ್ತಿಗಳು ಮುಟ್ಟುಗೋಲಾದವು, ಬಲವಂತದ ಮತಾಂತರ ನಡೆಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಉಳಿದವರಿಗೆ ಬಿಡುಗಡೆ ದೊರೆತದ್ದು 1799ರ ಮೇ 4ರಂದು ಕೋಟೆ ಬಿದ್ದ ಮೇಲೆ. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆಬೇರೆಯಾಗಿ ಹೇಳಲಾಗಿದೆ.

ಒಂದು ಪಕ್ಷದ ಲೇಖಕರು ಈ ಸೆರೆವಾಸವನ್ನು ಇಂದಿನ ಮುಸ್ಲಿಂ ನೆರೆಯವರ ಮೇಲಿನ ಆರೋಪಪಟ್ಟಿಯಾಗಿ ಓದುತ್ತಾರೆ. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಜಗದ್ಗುರುಗಳಿಗೆ ಬರೆದ ಪತ್ರಗಳು, ನೀಡಿದ ನೆರವು ಇವರ ಪುಟಗಳಲ್ಲಿ ಕಾಣಿಸುವುದಿಲ್ಲ. ಇನ್ನೊಂದು ಪಕ್ಷದವರು ಅದೇ ಪತ್ರಗಳನ್ನು ಮುಂದಿಟ್ಟು, ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಅನುಮಾನವನ್ನು ಹೇಳಿ, ಇದು ಬರಿಯ ರಾಜಕೀಯವೆಂದು ಮುಗಿಸುತ್ತಾರೆ. ಆ ಅನುಮಾನವು ಬಂಧನಕ್ಕೆ ಕಾರಣ ಹೇಳೀತು. ಬಲವಂತದ ಸುನ್ನತಿಗೆ ಹೇಳಲಾರದು.

ನಮ್ಮವರ ಬರಹಗಳೂ ಇದಕ್ಕೆ ಹೊರತಲ್ಲ. ಅರವತ್ತು ಸಾವಿರವೆಂಬ ಸಂಖ್ಯೆಗೆ ಅಬ್ಬೆ ದುಬಾಯಿಯವರ ಆಧಾರ ಕೊಡುವವರು, ಅಷ್ಟು ಜನರಲ್ಲಿ ಒಬ್ಬರೂ ವಿಶ್ವಾಸಕ್ಕಾಗಿ ಎದುರು ನಿಲ್ಲಲಿಲ್ಲವೆಂದು ಅದೇ ದುಬಾಯಿ ಹಳಹಳಿಸಿದ್ದನ್ನು ಬಿಟ್ಟುಬಿಡುತ್ತಾರೆ. ಆ ಮಾತು ಕಠೋರವಾದದ್ದು. ದುಬಾಯಿ ಬಂದದ್ದು ಕೋಟೆ ಬಿದ್ದ ಮೇಲೆ ಎಂಬುದನ್ನೂ ನೆನೆಯಬೇಕು. ಆದರೂ ಸಾಕ್ಷಿಯೊಬ್ಬರ ಅರ್ಧ ಮಾತನ್ನು ಮಾತ್ರ ದಾಖಲಿಸುವುದು ನ್ಯಾಯವಲ್ಲ. ಮಣಿದವರನ್ನು ಮರಳಿ ಧರ್ಮಸಭೆಗೆ ಸೇರಿಸಿಕೊಳ್ಳುವ ಕಾರ್ಯದಲ್ಲಿ ತೊಡಗಿದವರೂ ಇದೇ ದುಬಾಯಿ. ಮೂರು ಬಾರಿ ನಿರಾಕರಿಸಿದ ಪೇತ್ರನನ್ನು ಅಡಿಗಲ್ಲಾಗಿ ಹೊಂದಿರುವ ಸಭೆಯು ಈ ಮರಳುವಿಕೆಯ ಕಥೆಯನ್ನು ಹೇಳಲು ಸಂಕೋಚಪಡಬೇಕಾಗಿಲ್ಲ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಕುಳಿತು ಓದಿದರೆ ಇಂತಹ ಏಕಮುಖ ಕಥನಗಳು ಇನ್ನೂ ಬೇಗ ಬಿರುಕು ಬಿಡುತ್ತವೆ. ಹೈದರನು ಶಿರಸಿಯ ಬಳಿಯ ಸೋದೆಯನ್ನು ವಶಪಡಿಸಿಕೊಂಡಾಗ ಅಲ್ಲಿನ ಅರಸನು ಆಶ್ರಯ ಪಡೆದದ್ದು ಪೋರ್ಚುಗೀಸರ ಗೋವೆಯಲ್ಲಿ. ಅದೇ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷಗಳನ್ನು ಬಿಟ್ಟು, ಧರ್ಮಸಭೆಯ ಹೆಸರಿನಲ್ಲಿ ಇನ್‌ಕ್ವಿಸಿಷನ್ ನಡೆಯಿತು. ಹಳೆಯ ಆಚಾರಗಳನ್ನು ಬಿಡದ ಕ್ರೈಸ್ತರನ್ನೂ ಅದು ದಂಡಿಸಿತು. ಅಲ್ಲಿಂದ ಹೊರಟ ಕೊಂಕಣಿ ಮನೆತನಗಳು, ಹಿಂದೂಗಳೂ ಕ್ರೈಸ್ತರೂ, ಕೆನರಾಕ್ಕೆ ಬಂದು ನೆಲೆಸಿದವು. ಟಿಪ್ಪುವಿನ ಸೆರೆಗೆ ಬಿದ್ದವರು ಬಹುಪಾಲು ಗೋವೆಯಿಂದ ಹೀಗೆ ವಲಸೆ ಬಂದವರ ಸಂತತಿ. ಇನ್ನು ಯಲ್ಲಾಪುರದ ಕಾಡಿನ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದು, ಗೋವೆಯಿಂದ ತಪ್ಪಿಸಿಕೊಂಡು ಬಂದವರು. ಅವರ ಒಡೆಯರು ಸ್ನಾನದೀಕ್ಷೆ ಪಡೆದವರೇ. ಇಂದು ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಮರೆಂಬ ಮೂವರೂ ಇದ್ದಾರೆ. ಅವರ ನಡುವೆ ನಿಂತು ಒಂದು ಧರ್ಮವನ್ನು ಪೀಡಕನೆಂದೂ ಇನ್ನೊಂದನ್ನು ಪೀಡಿತನೆಂದೂ ಬೋಧಿಸುವುದು ಹೇಗೆ?

ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ‘ನೊಸ್ತ್ರಾ ಎತಾತೆ’ ಘೋಷಣೆಯಲ್ಲಿ, ಮುಸ್ಲಿಮರೊಂದಿಗಿನ ಹಿಂದಿನ ವೈಷಮ್ಯಗಳನ್ನು ಮರೆಯುವಂತೆ ಕೇಳಿಕೊಂಡಿತು. ನೊಂದವರ ವಂಶಜರಿಗೆ ಮರೆವೆಂಬ ಆ ಮಾತು ಒಗ್ಗುವುದು ಸುಲಭವಲ್ಲ. 2000ನೇ ಮಾರ್ಚ್ 12ರಂದು ಎರಡನೇ ಜಾನ್ ಪೌಲರು ಧರ್ಮಸಭೆಯ ಮಕ್ಕಳ ಗತಕಾಲದ ತಪ್ಪುಗಳಿಗಾಗಿ ದೇವರ ಕ್ಷಮೆ ಬೇಡಿದಾಗ ತೋರಿದ ಹಾದಿ ಹೆಚ್ಚು ನಡೆಯಬಲ್ಲದ್ದು: ಅದು ಸ್ಮರಣೆಯ ಶುದ್ಧೀಕರಣ. ನೆನಪು ಉಳಿಯಬೇಕು, ಅದರೊಳಗಿನ ಹಗೆಯೂ ಸ್ವಸಮರ್ಥನೆಯೂ ತೊಲಗಬೇಕು.

ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವನನ್ನು ನಾವು ರಕ್ತಸಾಕ್ಷಿ ಎನ್ನುತ್ತೇವೆ. ಸಾಕ್ಷಿಗೆ ಸಲ್ಲಬೇಕಾದ ಮೊದಲ ಗೌರವವೆಂದರೆ ಅವನ ಮಾತನ್ನು ತಿರುಚದಿರುವುದು. ಆದ್ದರಿಂದ ಮುಂದೆ ಈ ವಿಷಯವಾಗಿ ಬರೆಯುವವರಲ್ಲಿ, ವಿಶೇಷವಾಗಿ ಗುರುಮಠದ ವಿದ್ಯಾರ್ಥಿಗಳಲ್ಲಿ, ನಮ್ಮ ಕೋರಿಕೆ ಇಷ್ಟೇ: ಆಧಾರವನ್ನು ಪೂರ್ತಿಯಾಗಿ ಹೇಳಿರಿ, ಅಂಕಿಗಳ ಅಂತರವನ್ನು ಮುಚ್ಚದಿರಿ, ಶ್ರೀರಂಗಪಟ್ಟಣದ ಅಧ್ಯಾಯವಿರುವ ಪುಸ್ತಕದಲ್ಲಿಯೇ ಗೋವೆಗೂ ಒಂದು ಅಧ್ಯಾಯವಿರಲಿ. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಚರಿತ್ರಕಾರನಿಗೂ ಅನ್ವಯಿಸುತ್ತದೆ.