ಜಾಲದ ಭಂಡಾರದಲ್ಲಿ ನಮ್ಮ ಸೀಮೆ

ತಾಳಿಕೋಟೆಯೆಂದು ಬರೆದು ಅಂತರ್ಜಾಲದಲ್ಲಿ ಹುಡುಕುವವನಿಗೆ ಮೊದಲು ದೊರೆಯುವುದು 1565ರ ಯುದ್ಧ. ಅನಂತರ ದೊರೆಯುವುದೂ ಬಹುಮಟ್ಟಿಗೆ ಅದೇ ಯುದ್ಧ. ರಕ್ಕಸಗಿ ತಂಗಡಗಿಗಳ ಹೆಸರಿನಿಂದಲೂ ಪ್ರಸಿದ್ಧವಾದ, ಊರಿನ ಗಡಿಯೊಳಗೆ ನಡೆಯಿತೆಂದು ಹೇಳುವಂತೆಯೂ ಇಲ್ಲದ ಆ ಕದನವು ಊರಿನ ಹೆಸರನ್ನು ಆವರಿಸಿಕೊಂಡಿರುವ ಪರಿಯನ್ನು ನೋಡಿದರೆ, ಡೋಣಿಯ ದಡದ ಈ ಎರೆಭೂಮಿಯಲ್ಲಿ ಆ ಒಂದು ದಿನವನ್ನುಳಿದು ಮತ್ತಾವ ದಿನವೂ ಮನುಷ್ಯರು ಬಾಳಲಿಲ್ಲವೇನೋ ಎಂಬ ಭ್ರಮೆ ಪರಸ್ಥಳದವರಿಗೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಬಾಳಿದವರ ನಡೆನುಡಿ, ಬೀಗತನ, ಹಾಡುಹಸೆ, ಹುಟ್ಟುಸಾವುಗಳ ವಿಧಿಗಳನ್ನು ಕುರಿತು ಬರೆದವರು ಇಲ್ಲದಿಲ್ಲ. ನೂರ ನಲವತ್ತು ವರ್ಷಗಳಿಂದ ಅಂಥ ಬರವಣಿಗೆ ನಡೆದೇ ಇದೆ. ಅದರಲ್ಲಿ ಯಾವುದು ಜಾಲದ ಭಂಡಾರವನ್ನು ಸೇರಿತು, ಯಾವುದು ಸೇರಲಿಲ್ಲ, ಸೇರಿದುದು ಯಾವ ರೂಪದಲ್ಲಿ ಸೇರಿತು ಎಂಬುದನ್ನು ಪರಿಶೀಲಿಸಿದರೆ, ಮಾನವಶಾಸ್ತ್ರದ ಸಾಮಗ್ರಿಯನ್ನು ಕಾಪಾಡುತ್ತಿದ್ದೇವೆಂದು ಹೆಮ್ಮೆಪಡುವ ಈ ಕಾಲದ ಕಾರ್ಯಪದ್ಧತಿಯ ಬೆಲೆ ತಿಳಿದೀತು.

ಅನಾಯಾಸವಾಗಿ ಸೇರಿದುವು ಆಂಗ್ಲ ಆಡಳಿತದ ಗ್ರಂಥಗಳು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ 23ನೆಯ ಸಂಪುಟ, ಅಂದರೆ 1884ರಲ್ಲಿ ಅಚ್ಚಾದ ವಿಜಾಪುರದ ಸಂಪುಟ, ಒಂದು ಕಾಲಕ್ಕೆ ಜಿಲ್ಲಾ ಕಚೇರಿಯ ಬೀರುವಿನಲ್ಲೋ ಧಾರವಾಡದ ಗ್ರಂಥಾಲಯದಲ್ಲೋ ಅನುಮತಿ ಪಡೆದು ನೋಡಬೇಕಾಗಿದ್ದುದು, ಇಂದು ತಾಳಿಕೋಟೆಯ ಬಸ್ ನಿಲ್ದಾಣದಲ್ಲಿ ನಿಂತವನ ಮೊಬೈಲಿನಲ್ಲಿಯೂ ತೆರೆದುಕೊಳ್ಳುತ್ತದೆ. 1920ರಿಂದ 1922ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಎಂಥೋವೆನ್ನರ ಜಾತಿ ಬುಡಕಟ್ಟುಗಳ ಕೋಶವೂ ಹಾಗೆಯೇ. ಈ ಸೌಕರ್ಯವನ್ನು ನಾನು ಹಗುರಾಗಿ ಕಾಣುವವನಲ್ಲ. ಗ್ಯಾಝೆಟಿಯರಿನ ಜನವರ್ಗಗಳ ಅಧ್ಯಾಯದಲ್ಲಿ ಮನೆಯ ಪಾತ್ರೆಪದಾರ್ಥ, ಉಡಿಗೆತೊಡಿಗೆ, ಊಟದ ಬಗೆ, ಮದುವೆಯ ಕ್ರಮಗಳ ವಿವರ ಎಷ್ಟು ಸಮೃದ್ಧವಾಗಿದೆಯೆಂದರೆ, ಅದನ್ನು ಬಿಟ್ಟು ಈ ಜಿಲ್ಲೆಯ ಹತ್ತೊಂಬತ್ತನೆಯ ಶತಮಾನವನ್ನು ಊಹಿಸಿಕೊಳ್ಳುವುದೇ ಕಷ್ಟ.

ಆದರೆ ಅದೇ ಬಾಗಿಲಿನಿಂದ ಮತ್ತೊಂದು ಪುಸ್ತಕವೂ ಒಳಬಂದಿದೆ. ಮುಂಬಯಿ ಪ್ರಾಂತದ 'ಅಪರಾಧಿ ವರ್ಗಗಳನ್ನು' ಕುರಿತು ಕೆನಡಿ ಎಂಬ ಪೊಲೀಸು ಅಧಿಕಾರಿ 1908ರಲ್ಲಿ ಪ್ರಕಟಿಸಿದ ಟಿಪ್ಪಣಿಗಳಲ್ಲಿ ವಿಜಾಪುರ ಜಿಲ್ಲೆಯ ಛಪ್ಪರಬಂದ ಸಮುದಾಯಕ್ಕೆ ಒಂದು ಅಧ್ಯಾಯ ಮೀಸಲಾಗಿದೆ. ಫಕೀರರ ವೇಷದಲ್ಲಿ ತಿರುಗುವ ಕಳ್ಳನಾಣ್ಯದವರೆಂದು ಅಲ್ಲಿ ಇಡಿಯ ಕುಲಕ್ಕೆ ಹಣೆಪಟ್ಟಿ ಕಟ್ಟಲಾಗಿದೆ. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆ, ವಿಜಾಪುರದಲ್ಲಿ ಸ್ಟಾರ್ಟ್ ಎಂಬ ಅಧಿಕಾರಿ ನಡೆಸಿದ ಸೆಟ್ಲಮೆಂಟು, ಹಾಜರಿಪಟ್ಟಿ, ತಂತಿಬೇಲಿ ಮೊದಲಾದುವೆಲ್ಲಕ್ಕೂ ಇಂಥ ಬರವಣಿಗೆಯೇ ಬೌದ್ಧಿಕ ಆಧಾರವಾಗಿದ್ದಿತು. 1952ರಲ್ಲಿ ಕಾಯಿದೆ ರದ್ದಾಯಿತು, ಪುಸ್ತಕ ರದ್ದಾಗಲಿಲ್ಲ. ಅದು ಈಗ ಒಂದು ಟಿಪ್ಪಣಿಯೂ ಇಲ್ಲದೆ, ಒಂದು ಎಚ್ಚರಿಕೆಯ ಮಾತೂ ಇಲ್ಲದೆ, ಗ್ಯಾಝೆಟಿಯರಿನ ಮಗ್ಗುಲಲ್ಲಿಯೇ ಶಾಸ್ತ್ರಗ್ರಂಥದ ಗಾಂಭೀರ್ಯದಿಂದ ಕುಳಿತಿದೆ. ಪುಟಗಳನ್ನು ಛಾಯಾಯಂತ್ರದ ಕೆಳಗಿಟ್ಟು ಜಾಲಕ್ಕೆ ಏರಿಸುವವರು ತಾವು ಕೇವಲ ಸಂರಕ್ಷಕರು, ಪ್ರಕಾಶಕರಲ್ಲವೆಂದು ಭಾವಿಸಿರುವಂತೆ ತೋರುತ್ತದೆ. ಆದರೆ ಬೀರುವಿನಲ್ಲಿ ಧೂಳು ಹಿಡಿದಿದ್ದ ನಿಂದೆಯನ್ನು ಲಕ್ಷಾಂತರ ಜನರ ಅಂಗೈಗೆ ತಲುಪಿಸುವುದು ಹೊಸ ಪ್ರಕಟಣೆಯೇ ಸರಿ, ಮತ್ತು ಪ್ರಕಾಶಕನಿಗೆ ಸಲ್ಲುವ ಹೊಣೆಯೆಲ್ಲವೂ ಅದಕ್ಕೆ ಸಲ್ಲತಕ್ಕದ್ದು. ಅಂಥ ಪುಸ್ತಕವನ್ನು ಅಡಗಿಸಿಡಬೇಕೆಂದು ನಾನು ಹೇಳುತ್ತಿಲ್ಲ. ಅನ್ಯಾಯಕ್ಕೊಳಗಾದವರ ಮೊಮ್ಮಕ್ಕಳಿಗೆ ಅದು ಸಾಕ್ಷ್ಯವೂ ಹೌದು. ಅಡಗಿಸಿದರೆ ಸಾಕ್ಷ್ಯವೇ ಹೋದಂತಾಯಿತು. ಆದರೆ ಸಾಕ್ಷ್ಯವೆಂಬ ಹೆಸರಿನಲ್ಲಿ ಇಡುವುದು ಬೇರೆ, ಪ್ರಮಾಣವೆಂಬ ಹೆಸರಿನಲ್ಲಿ ಇಡುವುದು ಬೇರೆ.

ಇದರ ಎದುರಿಗೆ ಇಟ್ಟು ನೋಡಬೇಕಾದುದು ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಸಾಹಸವನ್ನು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಎಂಬ ಗೆಳೆಯರು, ವಿಶ್ವವಿದ್ಯಾಲಯದ ಆಶ್ರಯವಾಗಲಿ ಸರ್ಕಾರದ ಅನುದಾನವಾಗಲಿ ಇಲ್ಲದೆ, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಎಂಬ ಸಂಕಲನಗಳನ್ನು ಹೊರತಂದರು. ಮೊದಲನೆಯದಕ್ಕೆ ಬೇಂದ್ರೆಯವರ ಮುನ್ನುಡಿ. ಶಾಸ್ತ್ರದ ಪರಿಭಾಷೆಯಲ್ಲಿ ಇದು ಮಾನವಶಾಸ್ತ್ರವೋ ಜಾನಪದವೋ ಸಾಹಿತ್ಯವೋ ಎಂಬ ಚರ್ಚೆ ಪಂಡಿತರಿಗೆ ಇರಲಿ. ತವರು, ಅತ್ತೆಮನೆ, ಸವತಿ, ಬಂಜೆತನ, ಮಗುವಿನ ಸಾವು, ಮಳೆಯ ಮುನಿಸು ಮೊದಲಾದುವುಗಳ ಬಗೆಗೆ ಭೀಮಾತೀರದ ಸ್ತ್ರೀಯರು ಸ್ವಂತ ಮಾತಿನಲ್ಲಿ ನುಡಿದುದನ್ನು ಇಷ್ಟು ಹತ್ತಿರದಿಂದ ಹಿಡಿದ ಕೃತಿ ಆ ಕಾಲದ ಆಡಳಿತದ ಗ್ರಂಥರಾಶಿಯಲ್ಲಿ ಒಂದೂ ಇಲ್ಲವೆಂಬುದು ಮಾತ್ರ ನಿರ್ವಿವಾದ. ಗ್ಯಾಝೆಟಿಯರು ಅವರ ಕುಬಸದ ಬಣ್ಣವನ್ನು ಬರೆಯಿತು. ಹಲಸಂಗಿಯ ಗೆಳೆಯರು ಅದನ್ನು ತೊಟ್ಟವಳ ಮನಸ್ಸನ್ನು ಕೇಳಿದರು. ಮತ್ತು ಕೇಳಿದುದನ್ನು ಕೇಳಿದ ನುಡಿಯಲ್ಲಿಯೇ ಅಚ್ಚುಮಾಡಿಸಿ ಅದೇ ಜನಕ್ಕೆ ಹಿಂದಿರುಗಿಸಿದರು. ಸಂಗ್ರಹ, ಸಂಪಾದನೆ, ಹಂಚಿಕೆ ಈ ಮೂರೂ ಇಲ್ಲಿ ಒಂದೇ ಕೈಗಳಲ್ಲಿದ್ದುವು; ಇಂದಿನ ಡಿಜಿಟಲ್ ಯೋಜನೆಗಳಲ್ಲಿ ಈ ಮೂರೂ ಮೂರು ಇಲಾಖೆಗಳಿಗೆ ಹಂಚಿಹೋಗಿ, ಒಂದರ ಸುದ್ದಿ ಮತ್ತೊಂದಕ್ಕೆ ತಿಳಿಯದಂತಾಗಿದೆ.

ಹಾಗೆಂದು ಹಲಸಂಗಿಯ ಕಾರ್ಯ ನಿರ್ದೋಷವಾದುದೆನ್ನಲಾರೆ. ಹಾಡು ಹಾಡಿನ ಕೆಳಗೆ ಹಾಡಿದವಳ ಹೆಸರಿಲ್ಲ, ಊರಿಲ್ಲ, ಯಾವ ಸಂದರ್ಭದಲ್ಲಿ ಯಾರ ಎದುರಿಗೆ ಹಾಡಿದಳೆಂಬುದಿಲ್ಲ. ಅದು ಆ ಕಾಲದ ರೂಢಿಯೇನೋ ಅಹುದು. ಪರನಾರಿಯ ಹೆಸರನ್ನು ಅಚ್ಚಿನಲ್ಲಿ ಎತ್ತುವುದು ಅಂದಿನ ಮರ್ಯಾದೆಗೆ ಒಗ್ಗುತ್ತಿರಲಿಲ್ಲವೆಂದು ಸಮರ್ಥಿಸಲೂಬಹುದು. ಆದರೂ ಪರಿಣಾಮವಾಗಿ ಒಬ್ಬೊಬ್ಬಳ ಬಾಳಿನಿಂದ ಬಂದ ಮಾತು 'ಗರತಿ'ಯೆಂಬ ಒಂದು ಸಾಮಾನ್ಯ ಮೂರ್ತಿಯ ಬಾಯಿಗೆ ಸೇರಿಹೋಯಿತು. ಧಾಟಿಯೂ ಹೋಯಿತು. ಹಿಟ್ಟಿನ ಗಿರಣಿ ಊರೂರಿಗೆ ಬಂದ ಮೇಲೆ ಬೀಸುಕಲ್ಲಿನ ಹಾಡಿಗೆ ಕಲ್ಲೇ ಇಲ್ಲದಂತಾಗಿ, ರಾಶಿಯ ಯಂತ್ರ ಬಂದ ಮೇಲೆ ಹಂತಿಯ ಪದಕ್ಕೆ ಹಂತಿಯೇ ಇಲ್ಲದಂತಾಗಿ, ಪುಸ್ತಕದ ಪಠ್ಯವೊಂದೇ ನಿಂತಿದೆ. ಡಿಜಿಟಲ್ ಯುಗವು ಈ ಪುಸ್ತಕಗಳಿಗೆ ಮಾಡಬಹುದಾದ ನಿಜವಾದ ಉಪಕಾರ ಈ ಕೊರತೆಯನ್ನು ತುಂಬುವುದು. ಅದು ಮಾಡಹೊರಟಿರುವುದಾದರೋ ಪುಟಗಳ ಚಿತ್ರ ತೆಗೆಯುವುದು.

ಧ್ವನಿ, ಹೆಸರು, ಸಂದರ್ಭ ಇವೆಲ್ಲವನ್ನೂ ಕೂಡಿಸಿ ಕೆಲಸಮಾಡುವುದು ಸಾಧ್ಯವೆಂಬುದಕ್ಕೆ ಕರಾವಳಿಯಲ್ಲಿ ನಿದರ್ಶನವಿದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ದಾಖಲಿಸಿಕೊಂಡರು. 1998ರಲ್ಲಿ 15,683 ಸಾಲುಗಳ ಪಠ್ಯವು ಅನುವಾದದೊಡನೆ ಪ್ರಕಟವಾಯಿತು. ಅಲ್ಲಿ ಹಾಡಿದವನ ಹೆಸರು ಗ್ರಂಥದ ಮುಖಪುಟಕ್ಕೇ ಏರಿತು. ಹೇಗೆ ಕೇಳಿದೆವು, ಹೇಗೆ ಬರೆದೆವು, ಎಲ್ಲಿ ಸೋತೆವು ಎಂಬುದಕ್ಕೆ ಒಂದು ಸಂಪುಟವೇ ಮೀಸಲಾಯಿತು. ಆದರೆ ಆ ಗ್ರಂಥವು ಹೆಲ್ಸಿಂಕಿಯಲ್ಲಿ ಪ್ರಕಟವಾದುದು, ಅದರ ಟೀಕೆ ಅನುವಾದಗಳು ಇಂಗ್ಲಿಷಿನವು. ಶಾಸ್ತ್ರದ ದೃಷ್ಟಿಯಿಂದ ಹಲಸಂಗಿಯನ್ನು ಬಹುದೂರ ಮೀರಿದ ಈ ಕಾರ್ಯ, ಜನಕ್ಕೆ ಮರಳಿಸುವ ವಿಷಯದಲ್ಲಿ ಹಲಸಂಗಿಯನ್ನು ಮುಟ್ಟಲಿಲ್ಲವೆಂದು ನನ್ನ ಅಭಿಪ್ರಾಯ.

ಇನ್ನು ನಮ್ಮ ಕಾಲದ ಸಂಶೋಧನೆ. ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸಬೇಕೆಂದು 2009ರಲ್ಲಿ ಯುಜಿಸಿ ನಿಯಮ ಮಾಡಿದ ಮೇಲೆ 'ಶೋಧಗಂಗಾ' ಎಂಬ ಭಂಡಾರದಲ್ಲಿ ಅವು ಸೇರತೊಡಗಿದುವು. ಉದ್ದೇಶ ಶ್ಲಾಘ್ಯ, ಹಿಂದೆ ಒಂದು ಪ್ರಬಂಧವನ್ನು ನೋಡಲು ಧಾರವಾಡಕ್ಕೆ ಹೋಗಿ ಗ್ರಂಥಪಾಲರ ಮರ್ಜಿಯನ್ನು ಕಾಯಬೇಕಾಗಿದ್ದ ಮುದ್ದೇಬಿಹಾಳದ ಶಿಕ್ಷಕ ಈಗ ಮನೆಯಲ್ಲಿ ಕುಳಿತು ತೆರೆಯಬಲ್ಲ. ಆದರೆ ತೆರೆದು ಹುಡುಕಬಲ್ಲನೇ? ಕನ್ನಡದ ಪ್ರಬಂಧಗಳಲ್ಲಿ ಎಷ್ಟೋ ಯುನಿಕೋಡಿಗೆ ಮೊದಲಿನ ನುಡಿ, ಬರಹ, ಶ್ರೀಲಿಪಿಗಳ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದುವು, ಇಲ್ಲವೆ ಕಾಗದದಿಂದ ಬರಿಯ ಚಿತ್ರವಾಗಿ ಎತ್ತಿಕೊಂಡುವು. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಪ್ರಲಾಪ. 'ರಿವಾಯತು' ಎಂದು ಹುಡುಕಿದರೆ, ನಮ್ಮ ಜಿಲ್ಲೆಯ ಮೊಹರಂ ಪದಗಳ ಮೇಲೆ ಯಾರಾದರೂ ವರ್ಷಗಟ್ಟಲೆ ದುಡಿದು ಬರೆದ ಪುಟ ಭಂಡಾರದಲ್ಲಿದ್ದೂ ಇಲ್ಲದಂತೆಯೇ. ಬೀಗ ಹಾಕಿ ಕೀಲಿಕೈಯನ್ನೂ ಒಳಗೇ ಇಟ್ಟು ಬಾಗಿಲೆಳೆದುಕೊಂಡ ಮನೆಯ ಸ್ಥಿತಿ ಅದು. ಇಂಗ್ಲಿಷಿನ 1884ರ ಪುಟದಲ್ಲಿ ಪದವೊಂದನ್ನು ಕ್ಷಣದಲ್ಲಿ ಹುಡುಕಬಹುದು, ಕನ್ನಡದ 2005ರ ಪುಟದಲ್ಲಿ ಹುಡುಕಲಾಗದು. ಪರಿಣಾಮವಾಗಿ ಹೊಸ ಸಂಶೋಧಕನು ಸಹಜವಾಗಿಯೇ ಕ್ಯಾಂಬೆಲ್ಲನನ್ನು ಉದ್ಧರಿಸುತ್ತಾನೆ, ತನ್ನ ಹಿಂದಿನ ಬೆಂಚಿನಲ್ಲಿ ಕುಳಿತು ಬರೆದವನನ್ನಲ್ಲ.

ಪ್ರತಿಗಳ ಸಂಖ್ಯೆ ಹೆಚ್ಚಾದರೆ ರಕ್ಷಣೆಯೂ ಹೆಚ್ಚುವುದೆಂಬ ನಂಬಿಕೆಯ ಬಗೆಗೆ ಎಂ. ಎನ್. ಶ್ರೀನಿವಾಸರ ಅನುಭವವನ್ನು ನೆನೆಯಬೇಕು. ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ 1948ರಲ್ಲಿ ಅವರು ಮಾಡಿದ ಕ್ಷೇತ್ರಕಾರ್ಯದಿಂದ ಹದಿನೆಂಟು ವರ್ಷ ತಿದ್ದಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ, 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಇಟ್ಟ ಬೆಂಕಿಗೆ ಒಟ್ಟಿಗೇ ಆಹುತಿಯಾದುವು. ಸಾಲ್ ಟ್ಯಾಕ್ಸ್ ಎಂಬ ವಿದ್ವಾಂಸರ ಸಲಹೆಯಂತೆ ನೆನಪಿನಿಂದಲೇ ಬರೆದ ಗ್ರಂಥ 1976ರಲ್ಲಿ ಹೊರಬಂದು ಅವರ ಅತ್ಯುತ್ತಮ ಕೃತಿಯೆನಿಸಿತು. ಅದೃಷ್ಟವೆನ್ನೋಣ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಹಳ್ಳಿಗಳ ವಿಷಯದಲ್ಲಿ ಅಂಥ ಅದೃಷ್ಟಕ್ಕೆ ಅವಕಾಶವಿಲ್ಲ. ಅಲ್ಲಿಯ ಓಣಿ, ಗುಡಿ, ಅಲಾಯಿಯ ಕುಣಿ, ಹೊಲದ ಬದುಗಳ ಹೆಸರು ಯಾವುದನ್ನೂ ಮತ್ತೆ ಹೋಗಿ ನೋಡುವಂತಿಲ್ಲ. ಮುಳುಗುವ ಮುನ್ನ ತೆಗೆದ ಅಳತೆಯ ಕಾಗದಗಳು ಪರಿಹಾರದ ಕಡತಗಳಲ್ಲಿ ಸೇರಿದುವು. ಆ ಕಡತಗಳೇ ಈಗ ಆ ಊರುಗಳ ಜನಾಂಗವೃತ್ತಾಂತ. ಅವುಗಳಲ್ಲಿ ಮನೆಯ ತೊಲೆಗಳ ಲೆಕ್ಕ ಸಿಕ್ಕೀತು, ತೊಟ್ಟಿಲ ಪದ ಸಿಕ್ಕದು.

ಎಲ್ಲವೂ ಎಲ್ಲರಿಗೂ ತೆರೆದಿರಬೇಕೆಂಬುದು ಜಾಲದ ಪ್ರಚಲಿತ ಧರ್ಮ. ಈ ಧರ್ಮವನ್ನು ವಿಮರ್ಶಿಸದೆ ಒಪ್ಪುವ ಮೊದಲು ನಮ್ಮಲ್ಲಿಯೇ ಇರುವ ಹೆಳವರ ಪದ್ಧತಿಯನ್ನು ಗಮನಿಸುವುದು ಲೇಸು. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಒಕ್ಕಲು ಎಂದು ವಂಶಪರಂಪರೆಯಿಂದ ನಿಯತವಾಗಿರುತ್ತದೆ. ಸುಗ್ಗಿಯ ಮೇಲೆ ಎತ್ತಿನ ಸಮೇತ ಬಂದು, ಆ ಮನೆಯ ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೇಳಿ, ಹಿಂದಿನ ಸಲ ಬಂದ ಮೇಲೆ ಹುಟ್ಟಿದವರನ್ನು ಹೊತ್ತಗೆಯಲ್ಲಿ ಸೇರಿಸಿ, ಕಾಳು ಪಡೆದು ಮುಂದಕ್ಕೆ ಹೋಗುತ್ತಾರೆ. ಇದು ಅಭಿಲೇಖಾಲಯವಲ್ಲದೆ ಮತ್ತೇನು? ಆದರೆ ಇಲ್ಲಿ ದಾಖಲೆ ಇಡುವವನು, ದಾಖಲೆಯಲ್ಲಿ ಇರುವವನು ಇಬ್ಬರೂ ಮುಖಾಮುಖಿಯಾಗುತ್ತಾರೆ. ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದು. ಒಬ್ಬರ ವಂಶಾವಳಿಯನ್ನು ಮತ್ತೊಬ್ಬರ ಅಂಗಳದಲ್ಲಿ ಬಿಚ್ಚುವ ಪದ್ಧತಿಯಿಲ್ಲ. ಆಸ್ಟ್ರೇಲಿಯದ ಟೆನೆಂಟ್ ಕ್ರೀಕಿನ ವಾರುಮುಂಗು ಜನರು, ತಮ್ಮ ಪೂರ್ವಿಕರ ಚಿತ್ರಗಳನ್ನೂ ವಿಧಿಗಳನ್ನೂ ಯಾರು ನೋಡಬಹುದು, ಯಾರು ನೋಡಬಾರದು ಎಂಬ ತಮ್ಮದೇ ಕಟ್ಟಳೆಗೆ ತಕ್ಕಂತೆ 'ಮುಕುರ್ತು' ಎಂಬ ಡಿಜಿಟಲ್ ಭಂಡಾರದ ವ್ಯವಸ್ಥೆಯನ್ನು 2007ರ ಸುಮಾರಿಗೆ ವಿದ್ವಾಂಸರ ನೆರವಿನಿಂದ ರೂಪಿಸಿಕೊಂಡರು. ನಾವು ಅದನ್ನು ಅಲ್ಲಿಂದ ತರಿಸಿಕೊಳ್ಳಬೇಕಾಗಿಲ್ಲ. ಅದರ ತತ್ತ್ವ ಹೆಳವನ ಹೊತ್ತಗೆಯಲ್ಲಿದೆ. ಅದನ್ನು ಬಿಟ್ಟು, ಆ ಹೊತ್ತಗೆಗಳನ್ನೇ ಇಡಿಯಾಗಿ ಜಾಲಕ್ಕೆ ಸುರಿದುಬಿಡುವ ಉತ್ಸಾಹ ಯಾರಿಗಾದರೂ ಬಂದೀತೆಂಬ ಅಂಜಿಕೆ ನನಗಿದೆ.

ಕೃತಿಸ್ವಾಮ್ಯದ ಕಾಯಿದೆ ಈ ಪ್ರಶ್ನೆಗಳನ್ನು ಮುಟ್ಟುವುದಿಲ್ಲ. ಕರ್ತೃವಿನ ಮರಣಾನಂತರ ಅರವತ್ತು ವರ್ಷವೆಂಬ ನಿಯಮದಂತೆ, 1953ರಲ್ಲಿ ತೀರಿಕೊಂಡ ಮಧುರಚೆನ್ನರ ಬರಹಗಳು 2014ರಿಂದ ಸರ್ವರ ಸ್ವತ್ತು. 1993ರಲ್ಲಿ ತೀರಿಕೊಂಡ ಸಿಂಪಿ ಲಿಂಗಣ್ಣನವರವು 2053ರ ಕೊನೆಯವರೆಗೆ ಅಲ್ಲ. ಬರೆದುಕೊಂಡವರ ಹಕ್ಕಿಗೆ ಹೀಗೆ ವರ್ಷ ತಿಂಗಳುಗಳ ಲೆಕ್ಕವಿದೆ, ಅಂದು ಅವರಿಗೆ ಹಾಡಿದವಳ ಹಕ್ಕಿಗೆ ಪುಟವೇ ಇಲ್ಲ.

ಗ್ರಾಮಪಂಚಾಯತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಹಲವೆಡೆ ಗಣಕಯಂತ್ರವೂ ಬಂದಿದೆ. ಅಂಥಲ್ಲಿ ಮೊದಲು ಇಡತಕ್ಕುದು ದೂರದ ಭಂಡಾರಗಳಿಗೆ ದಾರಿ ತೋರುವ ಕೊಂಡಿಗಳನ್ನಲ್ಲ, ಆ ಹೋಬಳಿಯ ಬಗೆಗೆ ಬರೆದುದರ ಕನ್ನಡ ರೂಪವನ್ನು, ಅದರ ಪಕ್ಕದಲ್ಲಿ ಊರವರು ತಿದ್ದಿ ಬರೆಯಲು ತೆರಪನ್ನು. ಬೀಸುಕಲ್ಲಿನ ಧಾಟಿಯನ್ನು ಕಿವಿಯಿಂದ ಬಲ್ಲ ಅಜ್ಜಿಯರು ಇಂಡಿ ಸಿಂದಗಿಗಳ ಕಡೆ ಇನ್ನೂ ಇದ್ದಾರೆ. 1931ರ ಪುಸ್ತಕವನ್ನು ಅವರ ಮುಂದೆ ಓದಿ, ಅವರು ಹಾಡಿ ತೋರಿಸಿದುದನ್ನು, ಇದು ಹೀಗಲ್ಲವೆಂದು ತಿದ್ದಿದುದನ್ನು ಸಹ, ಹೆಸರು ಊರುಗಳೊಡನೆ ದಾಖಲಿಸಿಡುವುದಕ್ಕೆ ಕಾಯಿದೆ ಅಡ್ಡಬಾರದು, ಯಂತ್ರವೂ ಕೈಯಲ್ಲಿಯೇ ಇದೆ. ಬೇಕಾದುದು ಅವರ ಒಪ್ಪಿಗೆ, ಮತ್ತು ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಈ ಸಲ ಅವರನ್ನೇ ಕೇಳುವುದು.